ಗಂಟು ಕಾಣುವ ಕಡೆ

ಜನವರಿ 9

ಅತ್ತೆಯವರಿಗೆ ನಮಸ್ಕಾರ.

ಈ ಪತ್ರವನ್ನು ಹರಿದು ಒಲೆಗೆ ಹಾಕುವ ಮೊದಲು ಎರಡನೇ ಪುಟವನ್ನಾದರೂ ಓದಿ. ಮೊದಲ ಪುಟದಲ್ಲಿ ನಾನಿದ್ದೇನೆ, ಎರಡನೆಯದರಲ್ಲಿ ಬರೀ ವೈರಿದೆ. ವೈರಿನ ಮೇಲೆ ನಿಮಗೇನೂ ಕೋಪವಿರಲಾರದು.

ನಾನು ಮನೆ ಬಿಟ್ಟು ಬಂದು ಏಳು ತಿಂಗಳಾಯಿತು. ಇಲ್ಲಿ ಒಂದು ಗ್ಯಾರೇಜಿನ ಹಿಂದೆ, ಟೈರು ಪೇರಿಸಿಡುವ ಜಾಗದ ಪಕ್ಕ ಒಂದು ಕೋಣೆ ಹಿಡಿದಿದ್ದೇನೆ. ನಿಮ್ಮ ಮಗ ಎಲ್ಲರ ಹತ್ತಿರ "ನಾಲ್ಕು ದಿನ ಹಾರಾಡ್ಲಿ, ಆಮೇಲೆ ತಾನಾಗೇ ಬರ್ತಾಳೆ" ಎನ್ನುತ್ತಿದ್ದಾರಂತೆ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲವೆಂದು ತಿಳಿಸಿ.

ಒಂದು ಹಳೇ ಕಾರು ಕೊಂಡಿದ್ದೇನೆ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡದು. ದುಂಡು ಬೆನ್ನು, ಅಗಲ ಮೂಗು, ಬಾಗಿಲು ಹಾಕಿದರೆ ಬೀರು ಮುಚ್ಚಿದ ಸದ್ದು. ಇಂಜಿನ್ ಗಟ್ಟಿಯಾಗಿದೆ. ಊರಿನ ದೊಡ್ಡ ಹೋಟೆಲಿನವರಿಗೆ ರೈಲು ನಿಲ್ದಾಣದಿಂದ ಅತಿಥಿಗಳನ್ನು ಕರೆತರಲು ಇಂಥದ್ದೇ ಹಳೇ ಕಾರು ಬೇಕು. ಕಾರಿನ ಜೊತೆಗೆ ಚಾಲಕಿಯೂ ನಾನೇ ಎಂದು ಮಾತಾಗಿದೆ. ಮದುವೆಗೆ ಮುಂಚೆ ಐದು ವರ್ಷ ಶಾಲೆಯ ವ್ಯಾನು ಓಡಿಸಿದವಳು ನಾನು, ನಿಮಗೆ ಗೊತ್ತಿದೆ. ಆ ಕೀಲಿ ನನ್ನ ಕೈಯಿಂದ ಹೇಗೆ ಹೋಯಿತೆಂಬುದೂ ಗೊತ್ತಿದೆ.

ತೊಡಕು ಒಂದೇ. ಏಪ್ರಿಲ್ 20ಕ್ಕೆ ಕಾರು ಸರ್ಕಾರಿ ತಪಾಸಣೆಯಲ್ಲಿ ಪಾಸಾಗಬೇಕು. ಹಿಂದಿನ ಮಾಲೀಕ ಎರಡು ಸಲ ತೆಗೆದುಕೊಂಡು ಹೋಗಿ ಎರಡು ಸಲವೂ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ ಎಬ್ಬಿಸಿದ್ದಾನೆ. ಮೂರನೇ ಸಲವೂ ಹಾಗಾದರೆ ಕಾರು ಗುಜರಿಗೆ. ಕಾರು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ನಿಮ್ಮ ಮಗನ ನಾಲ್ಕು ದಿನ ಮುಗಿಯಿತು.

ಈಗ ಎರಡನೇ ಪುಟ. ಕಾರಿನ ಎಲ್ಲ ವೈರುಗಳನ್ನೂ ಜಡೆಯಂತೆ ಒಟ್ಟಿಗೆ ಕಟ್ಟಿದ ಹಾರ್ನೆಸ್ ಪೂರ್ತಿ ಹಾಳಾಗಿದೆ. ಮುಟ್ಟಿದರೆ ಮೇಲಿನ ಬಟ್ಟೆ ಪುಡಿಯಾಗಿ ಉದುರುತ್ತದೆ. ಅಂಗಡಿಯಲ್ಲಿ ಎಲ್ಲ ಕಾರಿಗೂ ಆಗುವ ಪ್ಲಾಸ್ಟಿಕ್ ಸೆಟ್ ಸಿಗುತ್ತದೆ. ಗುಜರಿಯಲ್ಲಿ ಇಂಥದ್ದೇ ಇನ್ನೊಂದು ಕಾರಿನಿಂದ ಬಿಚ್ಚಿದ ಹಾರ್ನೆಸ್ ಇದೆ. ಇದೇ ಕಾರಿಗೆಂದು ಹೊಸದಾಗಿ ಕಟ್ಟಿಕೊಡುವ ಕಂಪನಿ ಒಂದಿದೆ, ಆರು ತಿಂಗಳು ಕಾಯಿರಿ ಎನ್ನುತ್ತದೆ. ಯಾವುದನ್ನು ತೆಗೆದುಕೊಳ್ಳಲಿ?

ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಹಾರ್ನೆಸ್ ಕಟ್ಟಿದವರು ನನಗೆ ಗೊತ್ತಿರುವವರಲ್ಲಿ ನೀವೊಬ್ಬರೇ. ಇನ್ನೊಬ್ಬರಿದ್ದಿದ್ದರೆ ಅವರಿಗೇ ಬರೆಯುತ್ತಿದ್ದೆ.

ನಿಮ್ಮ ಸೊಸೆ
(ಈ ಪದವನ್ನು ಹೊಡೆದು ಹಾಕಿದರೂ ನನಗೆ ಬೇಸರವಿಲ್ಲ.)

*

ಜನವರಿ 18

ಸೊಸೆಗೆ,

ಹೊಡೆದು ಹಾಕಿಲ್ಲ. ಅದಕ್ಕೆ ಇಂಕು ದಂಡ ಮಾಡುವಷ್ಟು ಪುರುಸೊತ್ತು ನನಗಿಲ್ಲ.

ನನ್ನ ಮಗನನ್ನು ಬಿಟ್ಟು ಹೋಗಿ, ಏಳು ತಿಂಗಳು ತುಟಿಪಿಟಕ್ಕೆನ್ನದೆ, ಈಗ ನನ್ನನ್ನೇ ವೈರು ಕೇಳುತ್ತೀಯಲ್ಲ, ನಿನ್ನ ಎದೆಗಾರಿಕೆ ಮೆಚ್ಚಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಇಷ್ಟು ಬೇಗ ಶುರುವಾಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಎಲ್ಲ ಕಾರಿಗೂ ಆಗುವ ಸೆಟ್ ಎಂದರೆ ಯಾವ ಕಾರಿಗೂ ಸರಿಯಾಗಿ ಆಗದ ಸೆಟ್. ನಿನ್ನ ಕಾರಿನಲ್ಲಿಲ್ಲದ ರೇಡಿಯೋಗೆ, ಕಿಟಕಿ ಏರಿಸುವ ಮೋಟರಿಗೆ, ಇನ್ನು ಯಾತಕ್ಕೋ ಅದರಲ್ಲಿ ವೈರಿರುತ್ತದೆ. ಬೇಡದ್ದನ್ನೆಲ್ಲ ಸುತ್ತಿ, ಟೇಪು ಹಚ್ಚಿ, ಮೂಲೆಗೆ ತುರುಕುತ್ತಾರೆ. ನಾಳೆ ಹೊಗೆ ಬರುವುದು ಆ ಮೂಲೆಯಿಂದಲೇ. ಗುಜರಿಯದ್ದು ನಿನ್ನ ಕಾರಿನಷ್ಟೇ ಮುದುಕಿ, ಅದನ್ನು ಮುಟ್ಟಬೇಡ. ಕಂಪನಿಯದ್ದು ಚೆನ್ನಾಗಿರುತ್ತದೆ, ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಜುಲೈನಲ್ಲಿ ಬರುತ್ತದೆ.

ಮೂರೂ ಬೇಡ. ಹಳೆಯದನ್ನು ಬಿಚ್ಚಿ ಅದರ ಅಚ್ಚು ಕಳಿಸು. ಮೊದಲು ಬ್ಯಾಟರಿ ಕಳಚು. ಯಾವುದನ್ನೂ ಎಳೆಯಬೇಡ, ನಿನ್ನ ಕೈ ಅವಸರದ್ದು, ನನಗೆ ಗೊತ್ತು. ಪ್ರತಿ ತುದಿಗೂ ಬಟ್ಟೆಯ ಚೀಟಿ ಕಟ್ಟಿ, ಎಲ್ಲಿಂದ ಬಿಚ್ಚಿದೆಯೋ ಅದನ್ನು ಬರೆ. ಆಮೇಲೆ ಇಡಿಯಾಗಿ ಹೊರಗೆ ತೆಗೆದು, ಹಳೇ ಹೊದಿಕೆಯ ಮೇಲೆ ಹಾಸಿ, ಸುತ್ತಲೂ ಗೆರೆ ಎಳೆ. ಒಂದೊಂದು ವೈರಿನಿಂದಲೂ ಒಂದು ಗೇಣು ತುಂಡು ಕತ್ತರಿಸಿ ಜೊತೆಗಿಡು, ಬಣ್ಣ ಮತ್ತು ದಪ್ಪ ನೋಡಬೇಕು.

ಕಟ್ಟಿಕೊಡುತ್ತೇನೆ ಎಂದು ಹೇಳಿಲ್ಲ. ನೋಡುತ್ತೇನೆ ಎಂದಷ್ಟೇ.

ಮನೆಯ ವಿಳಾಸಕ್ಕೆ ಕಳಿಸಬೇಡ. ಎದುರಿನ ಹೊಲಿಗೆ ಅಂಗಡಿಯ ವಿಳಾಸಕ್ಕೆ ಕಳಿಸು. ಕಾರಣ ಕೇಳಬೇಡ.

ಅತ್ತೆ

*

ಫೆಬ್ರವರಿ 6

ಅತ್ತೆಯವರಿಗೆ,

ಹೊದಿಕೆಯನ್ನು ಇದರ ಜೊತೆಗೇ ಕಳಿಸಿದ್ದೇನೆ. ನಲವತ್ತೊಂದು ತುದಿಗಳು, ನಲವತ್ತೊಂದು ಚೀಟಿಗಳು. ಕೆಳಗೆ ಮಲಗಿ, ಮೇಲೆ ಬಾಗಿ, ಸೀಟು ಬಿಚ್ಚಿ ಹನ್ನೊಂದು ದಿನ ಹಿಡಿಯಿತು. ಎಳೆದಿಲ್ಲ. ಒಂದು ಸಲ ಮಾತ್ರ ಎಳೆದೆ, ಅದರ ಹತ್ತಿರ "ಎಳೆದದ್ದು" ಎಂದೇ ಬರೆದಿದ್ದೇನೆ.

ಒಳಗೆ ಏನೇನಿತ್ತೆಂದು ನೋಡಿದರೆ ನೀವು ತಲೆ ತಲೆ ಚಚ್ಚಿಕೊಳ್ಳುತ್ತೀರಿ. ಫ್ಯೂಸಿನ ಜಾಗದಲ್ಲಿ ತಲೆಗೂದಲ ಕ್ಲಿಪ್ಪು. ಎರಡು ವೈರಿನ ನಡುವೆ ಶೂ ಲೇಸು. ಹಿಂದಿನ ಮಾಲೀಕನಿಗೆ ಹೊಗೆ ಬಂದದ್ದು ಆಶ್ಚರ್ಯವಲ್ಲ, ಬೆಂಕಿ ಬರದಿದ್ದದ್ದೇ ಆಶ್ಚರ್ಯ.

ಗ್ಯಾರೇಜಿನ ಯಜಮಾನರಿಗೆ ಎಲ್ಲರೂ ಗ್ರೀಸಣ್ಣ ಎನ್ನುತ್ತಾರೆ. ನಾನು ಹೊದಿಕೆ ಹಾಸಿ ಗೆರೆ ಎಳೆಯುತ್ತಿದ್ದರೆ ಅವರು ಲೋಟ ಹಿಡಿದು ನಿಂತು ನಕ್ಕರು. "ಪ್ಲಾಸ್ಟಿಕ್ ಸೆಟ್ ತಗೊಂಡ್ ಬಾರಮ್ಮ, ಮಧ್ಯಾಹ್ನದೊಳಗೆ ಹಾಕಿ ಬಿಸಾಕ್ತೀನಿ. ಅತ್ತೆ ಸೊಸೆಗೆ ವೈರು ಕಟ್ಟಿಕೊಟ್ಟಿದ್ದು ನಾನಂತೂ ಕೇಳಿಲ್ಲ!" ನಾನು ಸೊಪ್ಪು ಹಾಕಲಿಲ್ಲ. ಆದರೆ ಹೊಲಿಗೆ ಅಂಗಡಿಯ ವಿಳಾಸ ಬರೆಯುವಾಗ ಅವರ ಮಾತು ಚುಚ್ಚಿತು. ನನ್ನ ಕಾಗದ ನಿಮ್ಮ ಹೊಸ್ತಿಲು ದಾಟಿದರೆ ನಿಮಗೆ ಅಷ್ಟು ಅವಮಾನವೇ? ಕಾರಣ ಕೇಳಬೇಡ ಎಂದಿರಿ, ಕೇಳುತ್ತಿಲ್ಲ. ಊಹಿಸುತ್ತಿದ್ದೇನೆ.

ನಿಮ್ಮ ಮಗ ವ್ಯಾನಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು "ನಮ್ಮನೆ ಹೆಂಗಸರು ಸ್ಟೀರಿಂಗ್ ಹಿಡಿಯಲ್ಲ" ಎಂದ ದಿನ ನೀವು ಅಲ್ಲೇ ಕೂತು ಈರುಳ್ಳಿ ಹೆಚ್ಚುತ್ತಿದ್ದಿರಿ. ತಲೆ ಎತ್ತಲಿಲ್ಲ. ಇದನ್ನೂ ಒಂದು ಚೀಟಿಯಲ್ಲಿ ಬರೆದು ಕಟ್ಟಿಬಿಟ್ಟೆ ಎಂದುಕೊಳ್ಳಿ.

ಸೊಸೆ

*

ಫೆಬ್ರವರಿ 15

ಸೊಸೆಗೆ,

ಹೊದಿಕೆ ಸಿಕ್ಕಿತು. ಗೆರೆ ಸೊಟ್ಟಗಿದ್ದರೂ ಅಳತೆ ಸರಿಯಿದೆ. ಕಟ್ಟುತ್ತೇನೆ.

ಒಂದು ಹಳೇ ಬಾಗಿಲು ಸಿಕ್ಕಿದೆ, ಅದೇ ಈಗ ನನ್ನ ಹಲಗೆ. ನಿನ್ನ ಹೊದಿಕೆಯನ್ನು ಅದರ ಮೇಲೆ ಬಿಗಿಯಾಗಿ ಹಾಸಿ, ಗೆರೆಯುದ್ದಕ್ಕೂ ಮೊಳೆ ಹೊಡೆದು, ಮೊಳೆಗಳ ನಡುವೆ ವೈರು ಹಾಯಿಸಿ, ಹೆಬ್ಬೆರಳಿನ ಅಗಲಕ್ಕೊಂದರಂತೆ ಮೇಣದ ದಾರದ ಗಂಟು ಹಾಕಬೇಕು. ಬೆರಳುಗಳು ಮೊದಲ ದಿನ ಮುನಿಸಿಕೊಂಡಿದ್ದವು. ಈಗ ನನ್ನನ್ನು ಬಿಟ್ಟು ತಾವೇ ಓಡುತ್ತಿವೆ. ದಿನಕ್ಕೆ ಮೂರು ಗಂಟೆ ಮಾತ್ರ ಸಿಗುತ್ತದೆ, ಆದ್ದರಿಂದ ಅವಸರಿಸಬೇಡ.

ಹಾಕುವಾಗ ಒಂದು ವಿಷಯ ನೆನಪಿಡು. ಗಂಟುಗಳೆಲ್ಲ ಕೆಳಗೆ, ತಗಡಿನ ಕಡೆಗೆ ಇರಬೇಕು. ನೋಡುವವರಿಗೆ ನುಣ್ಣನೆಯ ಬೆನ್ನು ಮಾತ್ರ ಕಾಣಬೇಕು. ನಮ್ಮ ಕಾರ್ಖಾನೆಯಲ್ಲಿ ಗಂಟು ಕಾಣುವ ಹಾರ್ನೆಸ್ಸನ್ನು ಮೇಸ್ತ್ರಿ ಎಲ್ಲರೆದುರು ಎತ್ತಿ ಹಿಡಿದು "ಇದು ಯಾವ ಮಹಾರಾಣಿ ಕೆಲಸ?" ಎಂದು ಕೇಳುತ್ತಿದ್ದ.

ಗ್ರೀಸಣ್ಣನಿಗೆ ಹೇಳು, ಕೇಳದಿದ್ದರೆ ಈಗ ಕೇಳಿಸಿಕೊಳ್ಳಲಿ.

ಅತ್ತೆ

*

ಮಾರ್ಚ್ 24

ಅತ್ತೆಯವರಿಗೆ,

ನಿಮ್ಮ ಪಾರ್ಸೆಲ್ ಬಂತು. ಬಿಚ್ಚಿದಾಗ ಗ್ರೀಸಣ್ಣ ಕೂಡ ನಗು ನಿಲ್ಲಿಸಿ ಕೈ ಒರೆಸಿಕೊಂಡು ಮುಟ್ಟಿದರು. ಅಷ್ಟು ಚೆಂದವಿತ್ತು. ನಾನು ಒಂದು ಇಡೀ ದಿನ ಅದನ್ನು ಕಾರಿಗೆ ಇಳಿಸಲಿಲ್ಲ, ಸುಮ್ಮನೆ ನೋಡಿಕೊಂಡು ಕೂತೆ. ಎಂಥ ಪೆದ್ದಿ ನಾನು.

ಇಂದು ಇಳಿಸಿದೆ. ನೀವು ಹೇಳಿದ ಹಾಗೆಯೇ, ಗಂಟು ಕೆಳಗೆ. ಸ್ಟೀರಿಂಗ್ ಒಂದು ಕಡೆ, ಸ್ಟೀರಿಂಗಿಗೆ ಹೋಗಬೇಕಾದ ಕವಲು ಎದುರು ಕಡೆ. ಹಾರ್ನಿನ ವೈರು ಬ್ಯಾಟರಿಯ ಪಕ್ಕ ಹೋಗಿ ನಿಂತಿದೆ, ಬ್ಯಾಟರಿಯದ್ದು ಹಾರ್ನಿನ ಹತ್ತಿರ. ಒಂದೂ ತನ್ನ ಜಾಗಕ್ಕೆ ಎಟುಕುವುದಿಲ್ಲ. ಇಡೀ ಹಾರ್ನೆಸ್ ತಿರುವುಮುರುವು.

ನಲವತ್ತೊಂದು ತುದಿಗಳಲ್ಲಿ ಒಂದು ಹೆಚ್ಚುಕಮ್ಮಿಯಾದರೆ ಕೈತಪ್ಪು. ನಲವತ್ತೊಂದೂ ತಪ್ಪಾದರೆ ಅದನ್ನು ಏನೆನ್ನಬೇಕು? ಇಪ್ಪತ್ತಾರು ವರ್ಷ ಕಟ್ಟಿದವರಿಗೆ ಎಡ ಬಲ ಗೊತ್ತಾಗಲಿಲ್ಲ ಎಂದರೆ ನಂಬಲು ನಾನು ಚಿಕ್ಕ ಮಗುವಲ್ಲ. ಹೊಲಿಗೆ ಅಂಗಡಿಯ ಗುಟ್ಟೂ ಈಗ ಅರ್ಥವಾಯಿತು. ಎರಡು ತಿಂಗಳು ನನ್ನನ್ನು ಕಾಯಿಸಿ, ಬೇರೆ ದಾರಿ ಹುಡುಕಲು ಸಮಯವಿಲ್ಲದಂತೆ ಮಾಡಿ, ಕೊನೆಗೆ ಇದನ್ನು ಕಳಿಸಿದಿರಿ. ಹೆತ್ತವರಿಗೆ ಹೆಗ್ಗಣ ಮುದ್ದು. ಎಷ್ಟಾದರೂ ನೀವು ಅವರ ತಾಯಿ.

ತಪಾಸಣೆಗೆ ಇಪ್ಪತ್ತೇಳು ದಿನವಿದೆ. ಪ್ಲಾಸ್ಟಿಕ್ ಸೆಟ್ ಆದರೂ ಹಾಕುತ್ತೇನೆ, ಶೂ ಲೇಸು ಕಟ್ಟಿಯಾದರೂ ಓಡಿಸುತ್ತೇನೆ. ಹಿಂದಿರುಗಿ ಮಾತ್ರ ಬರುವುದಿಲ್ಲ. ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ.

*

ಏಪ್ರಿಲ್ 2

ಸೊಸೆಗೆ,

ನಿನ್ನ ಪತ್ರ ಓದಿ ಮೂರು ದಿನ ನಿನಗೆ ಬರೆಯಬಾರದೆಂದು ಕೂತಿದ್ದೆ. ಕೋಪದಿಂದಲ್ಲ. ಕೋಪವೂ ಇತ್ತು, ಸುಳ್ಳೇಕೆ? ಆದರೆ ಅದಕ್ಕಿಂತ ಹೆಚ್ಚಾಗಿ, ತಪ್ಪು ಎಲ್ಲಾಯಿತೆಂದು ನನಗೇ ತಿಳಿಯಲಿಲ್ಲ.

ಈಗ ತಿಳಿಯಿತು. ಹಲಗೆಯ ಮೇಲೆ ಕಟ್ಟುವಾಗ ಗಂಟು ಕಟ್ಟುವವರ ಮುಖದ ಕಡೆ ಇರುತ್ತದೆ. ಕಾರಿಗೆ ಹಾಕುವಾಗ ಮಗುಚಿ ಹಾಕುತ್ತಾರೆ, ಗಂಟು ಕೆಳಗೆ ಹೋಗುತ್ತದೆ. ಮಗುಚಿದರೆ ಎಡದ್ದು ಬಲಕ್ಕೆ ಬರುತ್ತದಲ್ಲ? ಅದಕ್ಕೇ ಕಾರ್ಖಾನೆಯಲ್ಲಿ ನಕ್ಷೆಯನ್ನು ಮೊದಲೇ ತಿರುಗಿಸಿ ಬರೆದು ನಮ್ಮ ಹಲಗೆಗೆ ಅಂಟಿಸುತ್ತಿದ್ದರು. ತಿರುಗಿಸುವ ಕೆಲಸ ಮಾಡುತ್ತಿದ್ದದ್ದು ಮೇಲಿನ ಮಹಡಿಯ ನಕ್ಷೆಯವರು. ನಾನು ಜನ್ಮದಲ್ಲಿ ಅದನ್ನು ಮಾಡಿದವಳಲ್ಲ. ನಕ್ಷೆ ಬಂತು, ಕಟ್ಟಿದೆ. ನಿನ್ನ ಹೊದಿಕೆ ಬಂತು, ಹಾಗೆಯೇ ಹಾಸಿ ಕಟ್ಟಿಬಿಟ್ಟೆ. ನೀನು ಕಾರಿನಲ್ಲಿ ಕಂಡ ಹಾಗೆ ನೇರವಾಗಿ ಗೆರೆ ಎಳೆದಿದ್ದೀಯೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ತಪ್ಪು ನೂರಕ್ಕೆ ನೂರು ನನ್ನದು.

ಆದರೆ ಬೇಕೆಂದು ಮಾಡಿದ್ದಲ್ಲ. ಬೇಕೆಂದು ಕೆಟ್ಟದಾಗಿ ಕಟ್ಟಲು ಈ ಕೈಗೆ ಬರುವುದಿಲ್ಲ. ಇದನ್ನು ನೀನು ನಂಬಿದರೆ ನಂಬು, ಬಿಟ್ಟರೆ ಬಿಡು.

ಈಗ ಅದನ್ನು ಮಗುಚು. ಗಂಟು ಮೇಲೆ ಮಾಡಿ ಹಾಕು. ಎಲ್ಲ ಕವಲೂ ಅದರದರ ಜಾಗಕ್ಕೆ ಹೋಗಿ ಕೂರುತ್ತದೆ. ಗಂಟುಗಳು ಕಾಣುತ್ತವೆ, ಅಷ್ಟೇ. ನನ್ನ ಮರ್ಯಾದೆ ಹೋಗುತ್ತದೆ, ನಿನ್ನ ಕಾರು ಉಳಿಯುತ್ತದೆ.

ಮೊದಲು ಅರ್ಥ್ ವೈರು ಹಾಕು, ತಗಡನ್ನು ಮಿಂಚುವ ತನಕ ಉಜ್ಜಿ ಹಾಕು. ಎಲ್ಲ ಫ್ಯೂಸು ಒಟ್ಟಿಗೆ ಹಾಕಬೇಡ. ಒಂದು ಫ್ಯೂಸು ಹಾಕು, ಆ ದೀಪ ಹತ್ತಿತೇ ನೋಡು, ಆಮೇಲೆ ಇನ್ನೊಂದು. ಹೊಗೆ ಕಂಡರೆ ಎಲ್ಲಿಂದ ಬಂತೆಂದು ಬಗ್ಗಿ ನೋಡುತ್ತಾ ಕೂರಬೇಡ, ಬ್ಯಾಟರಿ ಕಿತ್ತು ಹಾಕು.

ಅತ್ತೆ

*

ಏಪ್ರಿಲ್ 10

ಅತ್ತೆಯವರಿಗೆ,

ಕ್ಷಮಿಸಿ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮಾರ್ಚಿನ ಆ ಪತ್ರ ಬರೆದ ಕೈಯನ್ನು ಕಡಿದುಕೊಳ್ಳೋಣವೆನಿಸಿತು, ಆದರೆ ಫ್ಯೂಸು ಹಾಕಲು ಕೈ ಬೇಕಿತ್ತು.

ಮಗುಚಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದು ಕವಲೂ ಜಾಗಕ್ಕೆ ಜಾರಿತು. ಹೆಡ್‌ಲೈಟ್ ಹತ್ತಿತು. ಇಂಡಿಕೇಟರ್ ಹತ್ತಿತು. ಬ್ರೇಕ್ ಒತ್ತಿದರೆ ಮಾತ್ರ ವೈಪರ್ ಆಡುತ್ತಿತ್ತು. ಅದು ನಾನು ಎರಡು ತುದಿ ಅದಲುಬದಲು ಮಾಡಿದ್ದರಿಂದ, ನಿಮ್ಮಿಂದಲ್ಲ. ಸರಿಪಡಿಸಿದೆ. ಗ್ರೀಸಣ್ಣ ಗಂಟುಗಳನ್ನು ನೋಡಿ "ಮೇಲೊಂದು ಸುತ್ತು ಕಪ್ಪು ಟೇಪ್ ಹಚ್ಚಿಬಿಡೋಣ, ಯಾರಿಗೂ ಗೊತ್ತಾಗಲ್ಲ" ಎಂದರು. ಬೇಡವೆಂದೆ. ಒಂದೇ ಅಳತೆಯಲ್ಲಿ, ಒಂದೇ ಓರೆಯಲ್ಲಿ, ಸಾಲಾಗಿ ಕೂತಿವೆ ಅವು. ಇದರಲ್ಲಿ ಮುಚ್ಚಿಡುವಂಥದ್ದೇನಿದೆ?

ನಿನ್ನೆ ನಿಮ್ಮ ಮಗ ಬಂದಿದ್ದರು. ಕಾರಿನ ಸುತ್ತ ಒಂದು ಸುತ್ತು ಹಾಕಿ ಬಾನೆಟ್ ಮೇಲೆ ಬೆರಳಾಡಿಸಿದರು.

"ಹೊಸ ಕಾರೇ ತೆಗೆದುಕೊಡ್ತೀನಿ, ಮನೆಗೆ ಬಾ. ಈ ಡಬ್ಬ ಯಾಕೆ?"

"ಹೊಸ ಕಾರು ಯಾರು ಓಡಿಸೋದು?" ಎಂದೆ.

"ನಾನೇ. ನೀನು ಆರಾಮಾಗಿ ಪಕ್ಕದಲ್ಲಿ ಕೂರು."

"ಪಕ್ಕದ ಸೀಟು ಇದರಲ್ಲೂ ಇದೆ. ಬೇಕಾದ್ರೆ ನೀವು ಕೂತ್ಕೊಳ್ಳಿ, ಸ್ಟೇಷನ್ ತನಕ ಬಿಡ್ತೀನಿ."

ಆಗ ಅವರಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮಿಬ್ಬರ ನಾಟಕ ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ಜನವರಿಲಿ ನಿನ್ನ ಕಾಗದ ನಾನೇ ಮೊದಲು ಓದಿದ್ದು. ಅಮ್ಮನಿಗೆ ಅವತ್ತೇ ಹೇಳಿದ್ದೆ, ಅವಳಿಗೆ ಒಂದು ದಾರ ಕಟ್ಟಿದ್ರೂ ಅವಳ ಹತ್ರಾನೇ ಹೋಗಿ ಇರು ಅಂತ. ಹಲಗೆ ಎತ್ತಿ ಬೀದಿಗೆ ಎಸೆದೆ. ಎದುರಿನ ಹೊಲಿಗೆ ಅಂಗಡಿಗೆ ಹೊತ್ಕೊಂಡು ಹೋಗಿ ಕಟ್ಟಿದಾಳೆ!" ಎಂದರು.

ಅತ್ತೆ, ನೀವು ಇದೊಂದನ್ನೂ ಬರೆಯಲಿಲ್ಲ. ಹೊಲಿಗೆ ಅಂಗಡಿಯ ಹಿಂದೆ ಕೂತು, ದಿನಕ್ಕೆ ಮೂರು ಗಂಟೆ ಕದ್ದು ಕಟ್ಟಿದಿರಿ, ಮೇಲೆ ನನ್ನ ಬೈಗುಳವನ್ನೂ ತಿಂದಿರಿ. ನನಗೆ ನಾಚಿಕೆಯಾಗುತ್ತಿದೆ. ನನ್ನ ಕೋಣೆಯಲ್ಲಿ ಎರಡು ಹಾಸಿಗೆಗೆ ಜಾಗವಿದೆ. ಟೈರಿನ ವಾಸನೆ ಬರುತ್ತದೆ, ಒಂದು ವಾರಕ್ಕೆ ರೂಢಿಯಾಗುತ್ತದೆ. ಬಂದುಬಿಡಿ.

ನಿಮ್ಮ ಸೊಸೆ

*

ಏಪ್ರಿಲ್ 16

ಡ್ರೈವರಮ್ಮನವರಿಗೆ,

ನಾನ್ಯಾಕೆ ಬರಲಿ? ಈ ಮನೆ ಕಾರ್ಖಾನೆಯವರು ಕೆಲಸಗಾರರಿಗೆ ಕೊಟ್ಟದ್ದು, ಹಕ್ಕುಪತ್ರ ನನ್ನ ಹೆಸರಿನಲ್ಲಿದೆ. ನಿನ್ನ ಕಾಗದ ಓದಿ ಮುಗಿಸಿ, ಅವನು ತಿಂಡಿಗೆ ಕೂತಾಗ ಹೇಳಿದೆ: "ಹೋಗು ಅಂದಿದ್ಯಲ್ಲ ಅವತ್ತು, ಯಾರ ಮನೆಯಿಂದ ಯಾರನ್ನ ಕಳಿಸ್ತಿದೀಯಾ ಮಗನೇ?" ಹಲಗೆ ಮಾಡಿಕೊಂಡಿದ್ದ ಆ ಬಾಗಿಲನ್ನು ಹೊಲಿಗೆ ಅಂಗಡಿಯವಳೂ ನಾನೂ ಹಿಡಿದು ತಂದು ನಡುಮನೆಯಲ್ಲಿ ಹಾಕಿದ್ದೇವೆ. ಈಗ ಅದನ್ನು ದಾಟಿಕೊಂಡೇ ಅವನು ಟೀವಿ ನೋಡಲು ಹೋಗಬೇಕು. ಕೂಗಾಡಿದ. ಕೂಗಾಡಲಿ, ಗಂಟಲು ಅವನದು.

ಈರುಳ್ಳಿಯ ದಿನದ ಬಗ್ಗೆ ನೀನು ಕಟ್ಟಿದ ಚೀಟಿ ನನ್ನ ಹತ್ತಿರವೇ ಇದೆ. ಅವನಪ್ಪ ನನ್ನನ್ನು ಕಾರ್ಖಾನೆ ಬಿಡಿಸಲು ಹೊರಟಾಗ ನನ್ನ ಅತ್ತೆಯೂ ತಲೆ ಎತ್ತಿರಲಿಲ್ಲ. ನಾನು ಒಬ್ಬಳೇ ಜಗಳವಾಡಿ ಗೆದ್ದೆ. ನಾನು ಒಬ್ಬಳೇ ಆಡಿದೆ, ಇವಳೂ ಆಡಲಿ ಎಂದುಕೊಂಡೆ ಅವತ್ತು. ನೀನು ಆಡದೆ ಕೀಲಿ ಬಿಟ್ಟುಕೊಟ್ಟಾಗ ನಿನ್ನ ಮೇಲೆಯೇ ಸಿಟ್ಟು ಬಂತು. ಎಂಥ ಬುದ್ಧಿ ನೋಡು! ಜೊತೆಗೆ ಹೆದರಿಕೆಯೂ ಇತ್ತು: ಈ ವಯಸ್ಸಿನಲ್ಲಿ ಮಗನನ್ನು ಎದುರು ಹಾಕಿಕೊಂಡರೆ ಗತಿಯೇನು ಅಂತ. ನನ್ನ ತಪ್ಪುಗಳಲ್ಲಿ ಹಾರ್ನೆಸ್ಸಿನದ್ದು ಚಿಕ್ಕದು, ಇದು ದೊಡ್ಡದು.

20ಕ್ಕೆ ಹೋಗುವ ಮೊದಲು ಹಾರ್ನ್ ಎರಡು ಸಲ ಒತ್ತಿ ನೋಡು. ಏನಾಯಿತೆಂದು ಅಂದೇ ಬರೆ.

ಅತ್ತೆ

*

ಏಪ್ರಿಲ್ 20

ಅತ್ತೆಯವರಿಗೆ,

ಪಾಸಾಯಿತು. ಆದರೆ ಆಗಿಲ್ಲ. ಪೂರ್ತಿ ಓದಿ, ಅರ್ಧಕ್ಕೆ ಬೈಯಬೇಡಿ.

ಇನ್ಸ್‌ಪೆಕ್ಟರ್ ದೀಪಗಳನ್ನೆಲ್ಲ ಹತ್ತಿಸಿ ಆರಿಸಿ ನೋಡಿದರು. ಇಂಜಿನ್ ಅರ್ಧ ಗಂಟೆ ಓಡಿಸಿದರು. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟು ತಲೆ ತೂರಿಸಿದವರು ಹೊರಗೆ ಬರಲೇ ಇಲ್ಲ. ಕೊನೆಗೆ ಒಳಗಿಂದಲೇ ಕೇಳಿದರು: "ಇದು ಯಾರ ಕೈ ಕೆಲಸ?"

ಹೊರಗೆ ಬಂದು ಎಲ್ಲದಕ್ಕೂ ಸರಿ ಗುರುತು ಹಾಕಿದರು. ಫಾರ್ಮಿನ ಕೊನೆಯಲ್ಲಿ ಒಂದು ಚೌಕ ಉಳಿಯಿತು: ವೈರಿಂಗ್ ಮಾಡಿದವರ ಹೆಸರು, ಅನುಭವ, ಸಹಿ. ಗ್ರೀಸಣ್ಣ ಜೊತೆಗೆ ಬಂದಿದ್ದರು. ಪಾಪ, ಒಳ್ಳೇ ಮನಸ್ಸಿನಿಂದಲೇ ಪೆನ್ನು ತೆಗೆದರು. "ನನ್ನ ಹೆಸರು ಹಾಕ್ತೀನಮ್ಮ, ಸೀಲೂ ಇದೆ. ಇಲ್ಲೇ ಮುಗಿದುಹೋಗುತ್ತೆ" ಎಂದರು.

ಮುಗಿದುಹೋಗುತ್ತಿತ್ತು, ನಿಜ. ನಾಳೆಯಿಂದಲೇ ಸ್ಟೇಷನ್ನಿನ ಕೆಲಸ. ಆದರೆ ನಾನು ಫಾರ್ಮಿನ ಮೇಲೆ ಕೈ ಇಟ್ಟುಬಿಟ್ಟೆ. "ಇದನ್ನ ಕಟ್ಟಿದ್ದು ನಮ್ಮ ಅತ್ತೆ. ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿದವರು. ಅವರ ಹೆಸರೇ ಬರಬೇಕು" ಎಂದೆ. ಇನ್ಸ್‌ಪೆಕ್ಟರ್ ನನ್ನನ್ನೂ ಕಾರನ್ನೂ ನೋಡಿ, "ಹಾಗಾದ್ರೆ ಅವರೇ ಬಂದು ನನ್ನ ಎದುರು ಸಹಿ ಹಾಕಲಿ. ಶುಕ್ರವಾರ ಸಂಜೆಯೊಳಗೆ. ಆಮೇಲೆ ಬಂದ್ರೆ ಇದು ಮೂರನೇ ಫೇಲ್" ಎಂದರು.

ಗ್ರೀಸಣ್ಣ ದಾರಿಯುದ್ದಕ್ಕೂ ನನ್ನನ್ನು ಬೈದರು. ನಿಮ್ಮನ್ನು ಕೇಳದೆ ನಿಮ್ಮ ಮೇಲೆ ಇದನ್ನು ಹೊರಿಸಿದ್ದೇನೆ. ಈ ಪತ್ರವನ್ನು ನಿಮ್ಮ ಊರಿನ ಬಸ್ಸಿನ ಕಂಡಕ್ಟರ್ ಕೈಗೇ ಕೊಟ್ಟಿದ್ದೇನೆ, ನಾಳೆ ಬೆಳಿಗ್ಗೆ ಸಿಗುತ್ತದೆ. ಈ ಸಲ ಮನೆಯ ವಿಳಾಸಕ್ಕೆ.

ನಿಮ್ಮ ಸೊಸೆ

*

ಏಪ್ರಿಲ್ 21

ಡ್ರೈವರಮ್ಮನವರಿಗೆ,

ಅದೇ ಕಂಡಕ್ಟರನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, ಅವನು ಕೈಗಡಿಯಾರ ನೋಡುತ್ತಿದ್ದಾನೆ.

ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಕಾರು ತರಬೇಡ, ಅದಿನ್ನೂ ಪಾಸಾಗಿಲ್ಲ. ದಾರಿಯಲ್ಲಿ ಯಾರಾದರೂ ಹಿಡಿದರೆ ಎಲ್ಲ ನೀರಿನಲ್ಲಿ ಹೋಮ. ಬಸ್ ನಿಲ್ದಾಣಕ್ಕೆ ನಡೆದೇ ಬಾ.

ಕಾಗದ ಬಂದಾಗ ಅವನು ಬಾಗಿಲಲ್ಲೇ ಇದ್ದ. "ಎಲ್ಲಿಗೆ ಹೊರಡ್ತಿದೀಯಾ?" ಎಂದು ಕೇಳಿದ. ಸಹಿ ಹಾಕುವುದಕ್ಕೆ ಎಂದೆ. "ಯಾವುದಕ್ಕೆ ಸಹಿ?" ಎಂದ. ನಾನು ಮಾಡಿದ ಕೆಲಸಕ್ಕೆ ಎಂದೆ. ಇನ್ನೂ ಅಲ್ಲೇ ನಿಂತಿದ್ದಾನೆ.

ಇಪ್ಪತ್ತಾರು ವರ್ಷ ಸಾವಿರಾರು ಹಾರ್ನೆಸ್ ಕಟ್ಟಿದೆ. ಎಲ್ಲದರ ಮೇಲೂ ಮೇಸ್ತ್ರಿಯ ಮೊಹರು ಬಿತ್ತು. ನನ್ನ ಹೆಸರು ಎಲ್ಲೂ ಬರೆದದ್ದಿಲ್ಲ, ಬರೆಯಬೇಕೆಂದು ನನಗೂ ಹೊಳೆದಿರಲಿಲ್ಲ. ಆದ್ದರಿಂದ ಒಂದು ವಿಷಯ ಮರೆಯದೆ ನೋಡಿಟ್ಟುಕೋ: ಆ ಚೌಕ ಎಷ್ಟು ಉದ್ದವಿದೆ? ನಾನು ಹೆಸರನ್ನು ಪೂರ್ತಿ ಬರೆಯುವವಳು. ಸಾಲದಿದ್ದರೆ ಗೆರೆ ದಾಟಿ ಬರೆಯುತ್ತೇನೆಂದು ನಿನ್ನ ಇನ್ಸ್‌ಪೆಕ್ಟರಿಗೆ ಮೊದಲೇ ಹೇಳಿರು.

ಅತ್ತೆ